ಕಾರಿನ ಹಾಡಿನೊಳಗೆ ಎಂಜಿನ್ನಿನ ಸಿಳ್ಳು

ಕಾರಿನ ಸ್ಟೀರಿಯೋ ಬದಲಿಸಿ, ಡಿಕ್ಕಿಯಲ್ಲೊಂದು ಆಂಪ್ಲಿಫೈಯರ್ ಕೂರಿಸಿದವರಲ್ಲಿ ಹಲವರಿಗೆ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ಎಂಜಿನ್ ನಿಂತಿರುವಾಗ ಹಾಡು ಸ್ವಚ್ಛವಾಗಿ ಕೇಳುತ್ತದೆ. ಎಂಜಿನ್ ಶುರುವಾದೊಡನೆ ಹಾಡಿನ ಹಿಂದೆ ಕುಂಯ್ ಎಂಬ ಸಣ್ಣ ಸಿಳ್ಳು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. ಅಂಗಡಿಗೆ ಮರಳಿದರೆ ಸಿಗುವ ಸಲಹೆ ಹೆಚ್ಚಾಗಿ ಇನ್ನೊಂದು ಸಾಮಾನು ಕೊಳ್ಳುವುದರ ಬಗ್ಗೆಯೇ ಇರುತ್ತದೆ: ನಾಯ್ಸ್ ಫಿಲ್ಟರ್ ಹಾಕಿ, ದುಬಾರಿ ಕೇಬಲ್ ಹಾಕಿ, ಆಂಪ್ ಬದಲಿಸಿ. ಇಲ್ಲಿ ಬೇಕಾಗಿರುವುದು ಹೊಸ ಸಾಮಾನಲ್ಲ, ಪತ್ತೆ. ಆ ಸದ್ದು ಯಾವುದೋ ದಾರಿಯಿಂದ ಒಳಬಂದ ವಿದ್ಯುತ್ತು. ದಾರಿ ಯಾವುದೆಂದು ತಿಳಿಯದೆ ಹಾಕಿದ ಬಿಡಿಭಾಗ ಕೆಲಸ ಮಾಡಿದರೂ ಅದು ಅದೃಷ್ಟ, ದುರಸ್ತಿಯಲ್ಲ. ಬಹಳಷ್ಟು ಸಲ ಆ ದಾರಿ ಯಾರೂ ಗಮನ ಕೊಡದ ಅರ್ಥಿಂಗ್‌ನಲ್ಲಿ ಇರುತ್ತದೆ.

ಸಿಳ್ಳಿನ ಶ್ರುತಿ ಎಂಜಿನ್ನಿನ ವೇಗದೊಂದಿಗೆ ಏಕೆ ಏರುತ್ತದೆ ಎಂಬ ಪ್ರಶ್ನೆಯಿಂದ ಹೊರಡುವುದು ಒಳ್ಳೆಯದು. ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಎ.ಸಿ. ವಿದ್ಯುತ್ತನ್ನು. ಅದರೊಳಗಿನ ಡಯೋಡುಗಳು ಅದನ್ನು ಡಿ.ಸಿ.ಗೆ ತಿರುಗಿಸುತ್ತವೆಯಾದರೂ ಪೂರ್ತಿ ಸಮತಟ್ಟು ಮಾಡುವುದಿಲ್ಲ, ಮೇಲೆ ಸಣ್ಣ ಅಲೆಗಳು ಉಳಿಯುತ್ತವೆ. ಹನ್ನೆರಡು ಧ್ರುವಗಳ ಒಂದು ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗವಾಗಿ ಸುತ್ತುತ್ತದೆ ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡಲ್ ಆಗಿರುವಾಗ ಆಲ್ಟರ್ನೇಟರ್ 2000 ಸುತ್ತು ಹಾಕುತ್ತದೆ. ಆಗ ಪ್ರತಿ ಫೇಸಿನ ಕಂಪನ 200 ಹರ್ಟ್ಸ್; ಮೂರೂ ಫೇಸುಗಳ ಎರಡೂ ಬದಿ ಸೇರಿ ಡಿ.ಸಿ. ಮೇಲಿನ ಅಲೆ 1200 ಹರ್ಟ್ಸ್. ಎಂಜಿನ್ 2400 ಸುತ್ತಿಗೆ ಏರಿದರೆ ಅದು 3600 ಹರ್ಟ್ಸ್ ಆಗುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್ ನಡುವೆ. ಅಲೆ ಎಷ್ಟು ಚಿಕ್ಕದಾದರೂ ಕಿವಿಗೆ ಚುಚ್ಚುವುದು ಇದರಿಂದಲೇ.

ಈ ಅಲೆ ಎಲ್ಲ ಕಾರುಗಳಲ್ಲೂ ಇದೆ, ಸಿಳ್ಳು ಮಾತ್ರ ಕೆಲವು ಕಾರುಗಳಲ್ಲಿ ಕೇಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ವಿದ್ಯುತ್ತು ಹಿಂದಿರುಗುವ ದಾರಿ. ಮನೆಯಲ್ಲಿರುವಂತೆ ಕಾರಿನಲ್ಲಿ ಪ್ರತಿ ಉಪಕರಣಕ್ಕೂ ಹಿಂದಿರುಗುವ ಪ್ರತ್ಯೇಕ ತಂತಿ ಇರುವುದಿಲ್ಲ. ಬ್ಯಾಟರಿಯ ಮೈನಸ್ಸನ್ನು ಬಾಡಿಗೆ ಜೋಡಿಸಿರುತ್ತಾರೆ, ದೀಪ, ಹಾರ್ನ್, ಪಂಪು ಎಲ್ಲದರ ಕರೆಂಟೂ ಬಾಡಿಯ ತಗಡಿನ ಮೂಲಕವೇ ಮರಳುತ್ತದೆ. ತಗಡಿಗೂ ಅದರ ಬೋಲ್ಟುಗಳಿಗೂ ಒಂದಿಷ್ಟು ರೆಸಿಸ್ಟೆನ್ಸ್ ಇದ್ದೇ ಇದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥ್ ಮತ್ತು ಡಿಕ್ಕಿಯೊಳಗಿನ ಅರ್ಥ್ ಒಂದೇ ಮಟ್ಟದಲ್ಲಿ ಇರುವುದಿಲ್ಲ, ನಡುವೆ ಕೆಲವು ಮಿಲಿವೋಲ್ಟ್ ಅಂತರವಿರುತ್ತದೆ. ಸ್ಟೀರಿಯೋ ಮುಂದಿನ ಅರ್ಥ್ ಹಿಡಿದಿದೆ, ಆಂಪ್ ಹಿಂದಿನದನ್ನು ಹಿಡಿದಿದೆ. ಇವೆರಡನ್ನೂ ಸ್ಟೀರಿಯೋದ ಹಾಡನ್ನು ಆಂಪ್‌ಗೆ ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಹೆಣಿಗೆ ಜೋಡಿಸುತ್ತದೆ. ಈಗ ಒಂದು ಪೂರ್ಣ ಸುತ್ತು ಏರ್ಪಟ್ಟಿತು. ಆಲ್ಟರ್ನೇಟರಿನ ಅಲೆ ಹೊತ್ತ ಕರೆಂಟಿನ ಒಂದು ಪಾಲು ಹಾಡು ಸಾಗಬೇಕಾದ ತಂತಿಯಲ್ಲೇ ಹರಿಯತೊಡಗುತ್ತದೆ. ಗರಿಷ್ಠ 2 ವೋಲ್ಟ್ ಕೊಡುವ ಸ್ಟೀರಿಯೋ ಕೂಡ ಮೆಲ್ಲಗೆ ಹಾಡುವಾಗ ಕಳಿಸುವುದು ಅದರ ಹತ್ತನೇ ಒಂದು ಪಾಲು ಅಥವಾ ಇನ್ನೂ ಕಡಿಮೆ. ಅಷ್ಟರ ಪಕ್ಕದಲ್ಲಿ 5 ಮಿಲಿವೋಲ್ಟ್ ಸಿಳ್ಳು ಚೆನ್ನಾಗಿಯೇ ಕೇಳುತ್ತದೆ.

ಇದು ಹೀಗೆಯೇ ಎಂಬುದಕ್ಕೆ ಆಂಪ್ ಇಲ್ಲದವರೂ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ಫೋನನ್ನು ಆಕ್ಸ್ ವೈರಿನಲ್ಲಿ ಸ್ಟೀರಿಯೋಗೆ ಜೋಡಿಸಿ, ಅದನ್ನೇ ಲೈಟರ್ ಸಾಕೆಟ್ಟಿನ ಚಾರ್ಜರಿಗೂ ಹಾಕಿದರೆ ಎಷ್ಟೋ ಕಾರುಗಳಲ್ಲಿ ಸಿಳ್ಳು ಕೇಳಿಸುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಚಾರ್ಜರ್ ಇಟ್ಟುಕೊಂಡು ಆಕ್ಸ್ ಬಿಟ್ಟು ಬ್ಲೂಟೂತ್ ಮಾಡಿದರೂ ನಿಲ್ಲುತ್ತದೆ. ಕಾರು, ಫೋನು, ಚಾರ್ಜರು, ಸ್ಟೀರಿಯೋ ಯಾವುದೂ ಬದಲಾಗಲಿಲ್ಲ. ತಂತಿಯ ಸುತ್ತು ಒಂದು ಕಡೆ ತುಂಡಾಯಿತು, ಅಷ್ಟೆ.

ಪತ್ತೆಯ ಕ್ರಮವೂ ಇದರಿಂದಲೇ ಹೊಳೆಯುತ್ತದೆ: ಒಂದೊಂದೇ ಕೊಂಡಿಯನ್ನು ಕಳಚಿ, ಸದ್ದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಹೋಗುವುದು. ಎಂಜಿನ್ ಆರಿಸಿ ಕೀಲಿಯನ್ನು ಎಸಿಸಿಯಲ್ಲಿಟ್ಟಾಗಲೂ ಸದ್ದು ಇದ್ದರೆ ಆಲ್ಟರ್ನೇಟರನ್ನು ದೂರುವಂತಿಲ್ಲ. ವಾಲ್ಯೂಮ್ ಏರಿಸಿದಂತೆ ಸದ್ದೂ ಏರಿದರೆ ಅದು ವಾಲ್ಯೂಮ್ ನಿಯಂತ್ರಣಕ್ಕಿಂತ ಮೊದಲೇ, ಎಂದರೆ ಹೆಚ್ಚಾಗಿ ಫೋನು ಅಥವಾ ಆಕ್ಸ್ ಕಡೆಯಿಂದ ಬಂದಿದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಹಾಗೆಯೇ ಇದ್ದರೆ ವಾಲ್ಯೂಮ್ ನಿಯಂತ್ರಣ ದಾಟಿದ ಮೇಲೆ ಸೇರಿಕೊಂಡಿದೆ. ಆಮೇಲೆ ಎಲ್ಲ ಆರಿಸಿ, ಆಂಪ್‌ನಿಂದ ಆರ್‌ಸಿಎ ಕಿತ್ತು, ಮತ್ತೆ ಚಾಲೂ ಮಾಡಬೇಕು. ಆಗಲೂ ಸಿಳ್ಳು ಉಳಿದರೆ ಆಂಪ್‌ನ ಅರ್ಥ್, ಆಂಪ್ ಅಥವಾ ಬಾಡಿಗೆ ತಾಗಿದ ಸ್ಪೀಕರ್ ವೈರು ತಪ್ಪಿತಸ್ಥ. ನಿಂತರೆ, ಚಾರ್ಜಿಗೆ ಹಾಕದ ಫೋನನ್ನು ನೇರವಾಗಿ ಆಂಪ್‌ಗೆ ಜೋಡಿಸಿ ನೋಡಬೇಕು. ಹಾಡು ಸ್ವಚ್ಛವಾಗಿದ್ದರೆ ತೊಂದರೆ ಸ್ಟೀರಿಯೋದಲ್ಲಿ ಅಥವಾ ಮುಂದಿನಿಂದ ಹಿಂದಕ್ಕೆ ಬಂದ ಕೇಬಲ್ಲಿನಲ್ಲಿ ಇದೆ. ಕೆಲವು ಸ್ಟೀರಿಯೋಗಳ ಒಳಗೆ ಆರ್‌ಸಿಎ ಅರ್ಥ್‌ಗೆಂದೇ ಕೂದಲೆಳೆಯಂಥ ಫ್ಯೂಸ್ ಇರುತ್ತದೆ. ಪವರ್ ಇರುವಾಗಲೇ ಆರ್‌ಸಿಎ ಕಿತ್ತು ಹಾಕಿದರೆ ಅದು ಸುಟ್ಟುಹೋಗಬಹುದು. ಆರ್‌ಸಿಎಯ ಹೊರ ಬಳೆಯನ್ನು ಒಂದು ತಂತಿಯಿಂದ ಸ್ಟೀರಿಯೋದ ಲೋಹದ ಮೈಗೆ ಮುಟ್ಟಿಸಿದಾಗ ಸಿಳ್ಳು ನಿಂತರೆ ಆ ಫ್ಯೂಸ್ ಹೋಗಿದೆ ಎಂದೇ ತಿಳಿಯಬಹುದು.

ಅರ್ಥ್ ಬೋಲ್ಟನ್ನು ಪರೀಕ್ಷಿಸುವಾಗ ಮೀಟರಿನಲ್ಲಿ ಓಮ್ಸ್ ನೋಡಿ ‘ಸರಿ ಇದೆ’ ಎನ್ನುವುದು ತೀರಾ ಸಾಮಾನ್ಯ. ಸಾಧಾರಣ ಮಲ್ಟಿಮೀಟರಿಗೆ ಮಿಲಿಓಮ್ ಅಳೆಯಲು ಬರುವುದಿಲ್ಲ. ನಮಗೆ ಬೇಕಾದ ಸಂಗತಿ ಅಡಗಿರುವುದೇ ಆ ಮಿಲಿಓಮ್‌ಗಳಲ್ಲಿ. ಅದರ ಬದಲು ಹಾಡು ಜೋರಾಗಿ ಬಾರಿಸುತ್ತ, ಆಂಪ್‌ನ ಅರ್ಥ್ ತಿರುಪಿನಿಂದ ಬ್ಯಾಟರಿಯ ಮೈನಸ್‌ವರೆಗೆ ಡಿ.ಸಿ. ವೋಲ್ಟ್ ಅಳೆಯಬೇಕು. 0.1 ವೋಲ್ಟಿಗಿಂತ ಹೆಚ್ಚು ಕಂಡರೆ ದಾರಿಯಲ್ಲೆಲ್ಲೋ ತಡೆಯಿದೆ. ಆಂಪ್‌ನ ಅರ್ಥ್ ವೈರು ಆದಷ್ಟು ಗಿಡ್ಡವಾಗಿರಲಿ, ಪವರ್ ವೈರಿನಷ್ಟೇ ದಪ್ಪವಿರಲಿ. ಬೋಲ್ಟು ಕೂರುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ತಗಡು ಕಾಣಿಸಬೇಕು, ಬಿಗಿದ ಮೇಲೆ ಗ್ರೀಸ್ ಹಚ್ಚಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡಾಡುವ ಕಾರುಗಳಿಗೆ ಈ ಕೊನೆಯ ಕೆಲಸ ತಪ್ಪಿಸುವಂತಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನೂ ನೋಡಬೇಕು. ಅದು ತುಕ್ಕು ಹಿಡಿದರೆ ಆಲ್ಟರ್ನೇಟರಿನ ಕರೆಂಟು ಸಿಕ್ಕ ಸಿಕ್ಕ ದಾರಿ ಹುಡುಕುತ್ತದೆ.

ಫಿಲ್ಟರ್ ಕೂಡಲೇ ಸದ್ದು ನಿಲ್ಲಿಸುತ್ತದೆ, ಬೆಲೆಯೂ ಕಡಿಮೆ, ಮತ್ತೇಕೆ ಈ ಪಾಡು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇಂಥ ಫಿಲ್ಟರುಗಳಲ್ಲಿ ಒಂದಾದ, ಆಕ್ಸ್ ವೈರಿಗೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಒಳಗೆ ಇರುವುದು ಪುಟ್ಟ ಟ್ರಾನ್ಸ್‌ಫಾರ್ಮರ್. ಅದು ಸುತ್ತನ್ನು ನಿಜಕ್ಕೂ ಕತ್ತರಿಸುತ್ತದೆ, ಫೋನು-ಚಾರ್ಜರ್ ತಕರಾರಿಗೆ ಅದು ಸಾಕು. ಆದರೆ ಅಗ್ಗದ ಟ್ರಾನ್ಸ್‌ಫಾರ್ಮರುಗಳು ಕೆಳಸ್ವರಗಳನ್ನು ಸರಿಯಾಗಿ ದಾಟಿಸುವುದಿಲ್ಲ. ಸಬ್‌ವೂಫರ್‌ಗೆಂದು ಹಣ ಸುರಿದವರು ಅದರ ದಾರಿಯಲ್ಲೇ ಅಡ್ಡಗಟ್ಟೆ ಕಟ್ಟಿದಂತಾಗುತ್ತದೆ. ಅದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಸಡಿಲವಾದ ಅರ್ಥ್ ಸದ್ದು ಮಾತ್ರವಲ್ಲ, ಶಾಖವನ್ನೂ ಹುಟ್ಟಿಸುತ್ತದೆ. ಸಿಳ್ಳು ಕೆಲವೊಮ್ಮೆ ಆಲ್ಟರ್ನೇಟರಿನ ಡಯೋಡು ಕೆಡುತ್ತಿರುವ ಸೂಚನೆಯೂ ಹೌದು. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಎ.ಸಿ. ಅಳತೆ ಅರ್ಧ ವೋಲ್ಟ್ ದಾಟಿದರೆ ಡಯೋಡನ್ನು ಶಂಕಿಸಬೇಕು. ಫಿಲ್ಟರ್ ಈ ಎರಡೂ ಎಚ್ಚರಿಕೆಗಳ ಬಾಯಿ ಮುಚ್ಚಿಸುತ್ತದೆ. ದುಬಾರಿ ಕೇಬಲ್ಲಿನ ವಾದವಂತೂ ನಿಲ್ಲುವುದೇ ಇಲ್ಲ. ಕೇಬಲ್ಲಿನ ಹೊರಹೆಣಿಗೆ ಎಷ್ಟು ಒಳ್ಳೆಯದಿದ್ದರೂ ಅರ್ಥ್ ಸುತ್ತಿನಲ್ಲಿ ಕರೆಂಟು ಹರಿಯುವುದು ಆ ಹೆಣಿಗೆಯಲ್ಲೇ.

ಎಲ್ಲ ಸದ್ದೂ ಅರ್ಥಿಂಗ್‌ನದಲ್ಲ. ಎಂಜಿನ್ ವೇಗಕ್ಕೆ ಬದಲಾಗದ ಸುಸ್ಸೆನ್ನುವ ಸದ್ದು ಸಾಮಾನ್ಯವಾಗಿ ಆಂಪ್‌ನ ಗೇನ್ ಅತಿಯಾದುದರ ಫಲ. ಗೇನ್ ಎಂದರೆ ಆಂಪ್ ಒಳಬಂದ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ, ವಾಲ್ಯೂಮ್ ಅಲ್ಲ; ಅದನ್ನು ಇಳಿಸಿ ಸ್ಟೀರಿಯೋದ ವಾಲ್ಯೂಮ್ ಏರಿಸಿದರೆ ಸುಸ್ಸು ಅಡಗುತ್ತದೆ. ಪೆಟ್ರೋಲ್ ಕಾರಿನ ರೇಡಿಯೋದಲ್ಲಿ ಕೇಳುವ ಟಿಕ್ ಟಿಕ್ ಸ್ಪಾರ್ಕ್ ಪ್ಲಗ್ಗಿನ ಕಿಡಿಯದು. ಇದು ಹಳೆಯ ತಲೆನೋವು: 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರು ಮೊಟೊರೋಲಾ ಹೆಸರಿನ ಕಾರ್ ರೇಡಿಯೋ ಮಾರುಕಟ್ಟೆಗೆ ತಂದಾಗಲೂ ಕಿಡಿಯ ಸದ್ದನ್ನು ಅಡಗಿಸದೆ ಗತಿಯಿರಲಿಲ್ಲ. ರೆಸಿಸ್ಟರ್ ಇರುವ ಪ್ಲಗ್ಗುಗಳು ಈಗ ಬಹುಮಟ್ಟಿಗೆ ಅದನ್ನು ನಿಭಾಯಿಸುತ್ತವೆ. ಇನ್ನು 102.9ರ ವಿವಿಧ ಭಾರತಿ ಬೆಂಗಳೂರಿನೊಳಗೇ ಗೊರಗುಟ್ಟುತ್ತಿದ್ದರೆ, ಹೊಸದಾಗಿ ಹಾಕಿಸಿದ ಎಲ್‌ಇಡಿ ಬಲ್ಬು ಅಥವಾ ಡ್ಯಾಶ್‌ಕ್ಯಾಮ್ ಚಾರ್ಜರನ್ನು ಒಮ್ಮೆ ಕಳಚಿ ನೋಡಿ.

ವಿದ್ಯುತ್ ಕಾರುಗಳಲ್ಲಿ ಆಲ್ಟರ್ನೇಟರ್ ಇಲ್ಲವಲ್ಲ, ಈ ಗೋಳು ಅಲ್ಲಿಗೆ ಮುಗಿಯಿತೇ? ಇಲ್ಲ. ಮೋಟರನ್ನು ಓಡಿಸುವ ಇನ್ವರ್ಟರೂ, 12 ವೋಲ್ಟ್ ಒದಗಿಸುವ ಡಿ.ಸಿ. ಕನ್ವರ್ಟರೂ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುತ್ತಲೇ ಇರುತ್ತವೆ. ಅದರ ಕಾಟಕ್ಕೆ ಕೆಲವು ತಯಾರಕರು ತಮ್ಮ ವಿದ್ಯುತ್ ಕಾರುಗಳಿಂದ ಎಎಂ ರೇಡಿಯೋವನ್ನೇ ತೆಗೆದುಹಾಕಿದರು. ಅದನ್ನು ಉಳಿಸಿಕೊಳ್ಳಲು ಅಮೆರಿಕದ ಸಂಸತ್ತಿನಲ್ಲಿ 2023ರಲ್ಲಿ ಮಸೂದೆಯೇ ಮಂಡನೆಯಾಯಿತು. ಅಂಥ ಕಾರಿನ 12 ವೋಲ್ಟ್ ಬದಿಗೂ ಬಾಡಿಯೇ ಅರ್ಥ್, ಆಂಪ್ ಹಾಕಿದರೆ ಆರ್‌ಸಿಎ ಸುತ್ತು ಅಲ್ಲೂ ಏರ್ಪಡುತ್ತದೆ. ಹಾಗಾಗಿ ಮೇಲಿನ ಪರೀಕ್ಷೆಗಳು ಅಲ್ಲಿಗೂ ಒಪ್ಪುತ್ತವೆ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಮಾತ್ರ ನೂರಾರು ವೋಲ್ಟ್ ಇರುತ್ತದೆ. ಮೀಟರಿನ ಕಡ್ಡಿಯಾಗಲಿ ಕೈಯಾಗಲಿ ಅತ್ತ ಹೋಗಕೂಡದು.