ಓಕುಳಿ ಏಳದಿದ್ದರೆ

ಚೆನ್ನೈನ ಟಿ. ನಗರದಿಂದ ಓದುಗರೊಬ್ಬರು ಕೇಳಿದ್ದಾರೆ: ‘ಎಂಡೋಸ್ಕೋಪಿ ಮಾಡಿ ಎಚ್. ಪೈಲೋರಿ ನೆಗೆಟಿವ್ ಅಂದರು. ಎರಡು ತಿಂಗಳ ಮೇಲೆ ಬೇರೆ ಕಡೆ ಉಸಿರಿನ ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಯಾವುದನ್ನು ನಂಬಲಿ?’ ಪತ್ರದ ಕೊನೆಯಲ್ಲೊಂದು ಮಾತಿದೆ. ಎಂಡೋಸ್ಕೋಪಿಯ ಹಿಂದಿನ ದಿನದವರೆಗೂ ಅವರು ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು, ಆಮೇಲೆ ಬಿಟ್ಟರು. ಉತ್ತರ ಬಹುಪಾಲು ಅಲ್ಲೇ ಇದೆ.

ಎಂಡೋಸ್ಕೋಪಿ ಕೋಣೆಯಲ್ಲಿ ಮಾಡುವ ಪರೀಕ್ಷೆ ನಮ್ಮ ಮನೆಯ ಓಕುಳಿಯ ಹಾಗೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪೇರುವುದನ್ನು ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇವೆ. ಸುಣ್ಣ ಕ್ಷಾರ, ಅದು ಬಂದಿದೆ ಎಂದು ಅರಿಶಿನ ಬಣ್ಣದಲ್ಲಿ ಹೇಳುತ್ತದೆ. ಹುಣ್ಣಿಗೆ ಕಾರಣವಾಗಬಲ್ಲ ಎಚ್. ಪೈಲೋರಿ ಬ್ಯಾಕ್ಟೀರಿಯ ಜಠರದ ಆಮ್ಲದಲ್ಲಿ ಬದುಕಿಕೊಳ್ಳಲು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ತನ್ನ ಮೈಸುತ್ತ ತಾನೇ ಸುಣ್ಣ ಬಳಿದುಕೊಂಡ ಹಾಗೆ. ಜಠರದ ಒಳಪದರದಿಂದ ಚಿವುಟಿದ ಸಣ್ಣ ಚೂರನ್ನು ಯೂರಿಯಾ ಮತ್ತು ಫೀನಾಲ್ ರೆಡ್ ಬೆರೆಸಿದ ಹಳದಿ ಜೆಲ್‌ನಲ್ಲಿಟ್ಟರೆ, ಕಿಣ್ವವಿದ್ದಲ್ಲಿ ಹಳದಿ ಹೋಗಿ ಗುಲಾಬಿ ಬರುತ್ತದೆ. ಉಸಿರಿನ ಪರೀಕ್ಷೆ ಹುಡುಕುವುದೂ ಇದೇ ಕಿಣ್ವವನ್ನು. ಕಾರ್ಬನ್-13ರ ಗುರುತಿರುವ ಯೂರಿಯಾ ಕುಡಿಸಿ, ಅದೇ ಗುರುತಿನ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಬಂತೇ ಎಂದು ನೋಡುತ್ತಾರೆ. ಉಸಿರಿನದು ಇಡೀ ಜಠರದ ಮಾತು, ಎಂಡೋಸ್ಕೋಪಿಯದು ಚಿವುಟಿದ ಜಾಗದ ಮಾತು.

ಸುಣ್ಣ ಸಾಲದಿದ್ದರೆ ಓಕುಳಿ ಏಳುವುದಿಲ್ಲ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಬ್ಯಾಕ್ಟೀರಿಯಗಳ ಸಂಖ್ಯೆ ಕುಸಿಯುತ್ತದೆ, ಉಳಿದವು ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುತ್ತವೆ. ಕೆಳಗಿನಿಂದ ಒಂದೇ ಚೂರು ತೆಗೆದರೆ ಅವು ತಪ್ಪಿಸಿಕೊಳ್ಳಬಹುದು. ಎರಡೂ ಕಡೆಯಿಂದ ಚೂರು ತೆಗೆಯಬೇಕು ಎನ್ನುವುದು ಇದಕ್ಕಾಗಿ. ಹುಣ್ಣಿನಿಂದ ರಕ್ತ ಸೋರುತ್ತಿದ್ದಾಗಲೂ ಈ ಪರೀಕ್ಷೆ ಎಡವುತ್ತದೆ.

ಒಂದು ಲೆಕ್ಕ ಹಾಕೋಣ. ನೂರು ಜನರಲ್ಲಿ 60 ಮಂದಿಗೆ ಸೋಂಕಿದೆ ಎನ್ನಿ. ನಮ್ಮ ದೇಶದಲ್ಲಿ ಇದು ಅತಿಶಯದ ಊಹೆಯಲ್ಲ. ಸೋಂಕಿದ್ದವರಲ್ಲಿ ಶೇ. 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇ. 95 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುವ ಪರೀಕ್ಷೆಯಲ್ಲಿ 44 ನೆಗೆಟಿವ್ ಬರುತ್ತವೆ, ಅವುಗಳಲ್ಲಿ 6 ಸುಳ್ಳು. ಮಾತ್ರೆಯಿಂದಾಗಿ ಹಿಡಿಯುವ ಶಕ್ತಿ ಶೇ. 70ಕ್ಕೆ ಇಳಿಯಿತೆನ್ನಿ. ಆಗ ನೆಗೆಟಿವ್ 56, ಸುಳ್ಳು 18. ಮೂರರಲ್ಲಿ ಹತ್ತಿರ ಹತ್ತಿರ ಒಂದು! ಸೋಂಕು ಅಪರೂಪವಾದ ದೇಶದಲ್ಲಿ ನೆಗೆಟಿವ್ ವರದಿಗಿರುವ ತೂಕ ಇಲ್ಲಿಲ್ಲ. ಗ್ಯಾಸ್ ಮಾತ್ರೆಯನ್ನು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗುವ ಊರುಗಳಲ್ಲಂತೂ ‘ಏನು ಮಾತ್ರೆ ತಗೊಳ್ತಿದ್ದೀರಿ?’ ಎಂಬ ಪ್ರಶ್ನೆಯೂ ಪರೀಕ್ಷೆಯ ಭಾಗವೇ ಎಂದು ನಾನು ನಂಬಿದ್ದೇನೆ.

ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗೆ ಈ ತೊಡಕಿಲ್ಲ, ಬೇರೆಯದಿದೆ. ಸೋಂಕು ವಾಸಿಯಾದ ಮೇಲೂ ಪ್ರತಿಕಾಯಗಳು ತಿಂಗಳು, ವರ್ಷಗಟ್ಟಲೆ ಉಳಿಯುತ್ತವೆ. ಈಗ ಸೋಂಕಿದೆಯೇ, ಮದ್ದು ಫಲಿಸಿತೇ ಎಂದು ತಿಳಿಯಲು ಅದು ನೆರವಾಗದು.

ಪಾಸಿಟಿವ್ ಬಂದಾಗಲೂ ಒಂದು ಎಚ್ಚರ ಬೇಕು: ಸೋಂಕಿದ್ದ ಮಾತ್ರಕ್ಕೆ ಹುಣ್ಣಿದೆ ಎಂದಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1950-60ರ ದಶಕಗಳಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಫ್ರಾಂಕ್ ಟೋವಿ, ಡ್ಯುಯೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಹುಣ್ಣು ಅನ್ನ ಉಣ್ಣುವ ದಕ್ಷಿಣದಲ್ಲಿ ಹೆಚ್ಚು, ಗೋಧಿ ತಿನ್ನುವ ಪಂಜಾಬಿನ ಕಡೆ ಕಡಿಮೆ ಎಂದು ಗಮನಿಸಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಷಲ್ ಮತ್ತು ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿ, 2005ರಲ್ಲಿ ನೊಬೆಲ್ ಪಡೆದರು. ಆಮೇಲೂ ಟೋವಿ ಪಟ್ಟು ಬಿಡಲಿಲ್ಲ: ಸೋಂಕು ಎರಡೂ ಕಡೆ ವ್ಯಾಪಕವಾಗಿದ್ದರೆ ಹುಣ್ಣಿನಲ್ಲಿ ಈ ಅಂತರವೇಕೆ? ಅವರ ಆಹಾರದ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಸೋಂಕಿರುವವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ ಎಂಬುದು ನಿಜ.

ಟಿ. ನಗರದ ಓದುಗರಿಗೆ: ನಿಮ್ಮ ಉಸಿರಿನ ವರದಿಯನ್ನೇ ನಂಬಿ, ವೈದ್ಯರನ್ನು ಕಾಣಿ. ಚಿಕಿತ್ಸೆಯ ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮತ್ತೆ ಮಾಡಿಸಿ. ಅದಕ್ಕೂ ಮುಂಚೆ ಎರಡು ವಾರ ಪ್ಯಾಂಟೊಪ್ರಜೋಲ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಡಿ. ಆ ದಿನಗಳಲ್ಲಿ ಎದೆ ಉರಿದರೆ ಆಂಟಾಸಿಡ್ ಸಿರಪ್ ಕುಡಿಯಬಹುದು. ಪರೀಕ್ಷೆಯ ಹಿಂದಿನ ದಿನ ಅದನ್ನೂ ನಿಲ್ಲಿಸಿ.