ವಜ್ರಮುಷ್ಟಿಯೂ ಕುಸ್ತಿಯೂ

ಮೈಸೂರಿನ ವಜ್ರಮುಷ್ಟಿಯನ್ನು ಕುಸ್ತಿಯ ಒಂದು ಪ್ರಭೇದವೆಂದು ಎಣಿಸುವುದುಂಟು. ಕಾವ್ಯಪಾಠದಲ್ಲಿಯೂ ‘ಮಲ್ಲಯುದ್ಧ’ವೆಂಬ ಶಬ್ದ ಬಂದೊಡನೆ ‘ಕುಸ್ತಿ’ಯೆಂದು ಅರ್ಥಹೇಳಿ ಮುಂದೆ ಸಾಗುವುದು ವಾಡಿಕೆ. ಎರಡೂ ಒಂದೇ ಊರಿನಲ್ಲಿ, ಒಂದೇ ದಸರಾ ಮಹೋತ್ಸವದ ಕಾಲದಲ್ಲಿ ನಡೆಯುವುದರಿಂದ ಈ ಭ್ರಾಂತಿ ಸಹಜವಾದುದೇ ಸರಿ. ಆದರೆ ಜಯಾಪಜಯಗಳನ್ನು ನಿರ್ಣಯಿಸುವ ಕ್ರಮವನ್ನು ಪರಿಶೀಲಿಸಿದರೆ ಇವುಗಳ ದಾರಿ ಬೇರೆಬೇರೆಯೆಂಬುದು ವಿಶದವಾಗುವುದು.

ವಜ್ರಮುಷ್ಟಿ ಕಾಳಗವು ವಿಜಯದಶಮಿಯಂದು, ಜಂಬೂಸವಾರಿಗೆ ಮೊದಲು, ಅರಮನೆಯ ತೊಟ್ಟಿಯಲ್ಲಿ ನಡೆಯತಕ್ಕದ್ದು. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನದವರು ಇದರಲ್ಲಿ ಇಳಿಯುವರು. ತಲೆಯನ್ನು ಬೋಳಿಸಿ ಜುಟ್ಟನ್ನು ಮಾತ್ರ ಉಳಿಸಿರುವರು. ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧವನ್ನು ಹಿಡಿದಿರುವರು. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ವಿಲ್ಕ್ಸನ ಚರಿತ್ರೆಯಲ್ಲಿ ಈ ಆಯುಧವು ಕೋಣದ ಕೊಂಬಿನದೆಂದು ಹೇಳಿದೆ. ಎದುರಾಳಿಯ ತಲೆಯಲ್ಲಿ ಮೊದಲ ನೆತ್ತರು ಕಂಡೊಡನೆ ಕಾಳಗ ಮುಗಿಯಿತು. ಅನೇಕ ವೇಳೆ ಇದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ವರ್ಷವೆಲ್ಲ ಕಾದ ಪ್ರೇಕ್ಷಕನು ಕಣ್ಣುಮಿಟುಕಿಸುವಷ್ಟರಲ್ಲಿ ಎಲ್ಲವೂ ತೀರಿರುತ್ತದೆ.

ಕುಸ್ತಿಯಲ್ಲಾದರೋ ಕೈಯಲ್ಲಿ ಏನೂ ಇಲ್ಲ. ಗರಡಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಬೇಕು. ನೆತ್ತರು ಬಂದರೆ ಅದಕ್ಕೆ ಬೆಲೆಯಿಲ್ಲ. ಆದುದರಿಂದ ಕುಸ್ತಿಯವನು ಬಗ್ಗಿ, ಬೆನ್ನನ್ನು ಕಾಯುವನು. ಜಟ್ಟಿಯು ನೆತ್ತಿಯನ್ನು ಕಾಯುವನು. ಜಟ್ಟಿಗಳೂ ಹಿಡಿದು ಕೆಡಹುವರು, ನಿಜ. ಅವರಿಗೆ ಪಟ್ಟು ತಿಳಿಯದೆ ನಿರ್ವಾಹವಿಲ್ಲ. ಆದರೆ ಅಲ್ಲಿ ಕೆಡಹುವುದು ಸಾಧನ, ಇಲ್ಲಿ ಅದೇ ಸಿದ್ಧಿ.

ಇಲ್ಲಿ ಭಾಷೆಯ ಸಾಕ್ಷ್ಯವು ಸ್ವಾರಸ್ಯವಾಗಿದೆ. ‘ಕುಸ್ತಿ’, ‘ಪೈಲ್ವಾನ’, ‘ಉಸ್ತಾದ’ ಈ ಮೂರೂ ಪಾರಸೀಕ ಮೂಲದ ಶಬ್ದಗಳು. ಇದರಿಂದ ವಿದ್ಯೆಯೇ ಹೊರಗಿನಿಂದ ಬಂದಿತೆಂದು ಊಹಿಸಲಾಗದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಅಲ್ಲಿ ‘ಜ್ಯೇಷ್ಠಿಕ’ ಎಂಬುದು ಮಲ್ಲರ ಒಂದು ದರ್ಜೆಯ ಹೆಸರು. ಗುಜರಾತಿನ ಮೋಢೇರದ ಜ್ಯೇಷ್ಠಿಮಲ್ಲರಿಗೆ ಸಂಬಂಧಿಸಿದ, 1964ರಲ್ಲಿ ಬಡೋದೆಯಿಂದ ಅಚ್ಚಾದ ಮಲ್ಲಪುರಾಣದ ಲಿಂಬಜಾದೇವಿಯೂ ಮೈಸೂರಿನ ಜಟ್ಟಿಗಳ ನಿಂಬುಜಾದೇವಿಯೂ ಒಬ್ಬಳೇ ಎಂಬುದು ಹೆಸರಿನಿಂದಲೇ ತಿಳಿಯುವುದು. ಹೀಗೆ ದರ್ಜೆಯ ಹೆಸರು ಕುಲದ ಹೆಸರಾಗಿ, ಕನ್ನಡದಲ್ಲಿ ಮತ್ತೆ ಮಲ್ಲನಿಗೆಲ್ಲ ಸಲ್ಲುವ ಸಾಮಾನ್ಯನಾಮವಾಯಿತು. ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನೋಡಬಹುದು. ಬಿದ್ದುದೇ ಸೋಲೆನ್ನುವ ನಿಯಮ ಕುಸ್ತಿಯದು. ವಜ್ರಮುಷ್ಟಿಯಲ್ಲಿ ಬಿದ್ದವನೂ ಗೆಲ್ಲಬಹುದು. ಗಾದೆಯಲ್ಲಿ ಹೆಸರು ಜಟ್ಟಿಯದು, ಕಣ ಪೈಲ್ವಾನನದು.

ಗರಡಿಯ ಬಾಗಿಲು ಹಿಂದೂ ಮುಸಲ್ಮಾನರೆನ್ನದೆ ಎಲ್ಲರಿಗೂ ತೆರೆದಿರುವುದರಿಂದ ಕುಸ್ತಿ ಊರಿನ ವಿದ್ಯೆಯಾಗಿ ಹಬ್ಬಿತು. ವಜ್ರಮುಷ್ಟಿ ಕೆಲವು ಮನೆತನಗಳ ವರ್ಷಕ್ಕೊಂದು ದಿನದ ಸೇವೆಯಾಗಿ ನಿಂತಿದೆ. ಅದನ್ನು ಕುಸ್ತಿಯ ಲೆಕ್ಕದಲ್ಲಿ ಸೇರಿಸಿಬಿಟ್ಟರೆ ಅದರ ವರಸೆಗಳನ್ನೂ ಮಾತುಗಳನ್ನೂ ಪ್ರತ್ಯೇಕವಾಗಿ ಬರೆದಿಡಬೇಕೆಂದು ಯಾರಿಗೂ ತೋರದು. ಪಾಠದ ಮಟ್ಟಿಗೂ ಈ ಭೇದ ಮುಖ್ಯ. ವಿರಾಟಪರ್ವದಲ್ಲಿ ಭೀಮನೊಡನೆ ಕಾದಿದ ಜೀಮೂತನು ಪ್ರಾಣವನ್ನೇ ಬಿಡುವನು. ಅವನ ಬೆನ್ನು ನೆಲಕ್ಕೆ ತಾಗಿತೇ ಎಂದು ಅಲ್ಲಿ ಯಾರೂ ನೋಡುತ್ತ ಕುಳಿತಿಲ್ಲ.