ಉಗಿಮೋಟಾರು ಮತ್ತು ಅದರ ಹೊಗೆ

ಉಗಿಯಂತ್ರವೆಂದೊಡನೆ ಹಿರಿಯರ ಕಣ್ಣೆದುರಿಗೆ ಬರುವುದು ಕರಿಯ ಹೊಗೆಯನ್ನು ಉಗುಳುತ್ತ ಸಾಗುತ್ತಿದ್ದ ರೈಲುಗಾಡಿ. ಆದುದರಿಂದ ಉಗಿಯಿಂದ ಓಡುವ ಮೋಟಾರು ಪೆಟ್ರೋಲ್ ಮೋಟಾರಿಗಿಂತ ಶುದ್ಧವಾದುದೆಂದು ಹೇಳಿದರೆ ನಗುವವರೂ ಉಂಟು. ಆದರೆ ಆ ಹೊಗೆ ಕಲ್ಲಿದ್ದಲಿನದೇ ಹೊರತು ಉಗಿಯದಲ್ಲ. ಅಮೆರಿಕದ ಸ್ಟ್ಯಾನ್ಲಿ ಸೋದರರು 20ನೆಯ ಶತಮಾನದ ಆದಿಯಲ್ಲಿ ನಿರ್ಮಿಸಿದ ಉಗಿಮೋಟಾರುಗಳು ಪೆಟ್ರೋಲನ್ನೋ ಸೀಮೆಎಣ್ಣೆಯನ್ನೋ ಉರಿಸುತ್ತಿದ್ದವು. 1906ರಲ್ಲಿ ಅವರ ಒಂದು ಗಾಡಿ ಫ್ಲಾರಿಡಾದ ಕಡಲತೀರದಲ್ಲಿ ಗಂಟೆಗೆ 127 ಮೈಲಿಗೂ ಮೀರಿದ ವೇಗದಿಂದ ಓಡಿತು.

ಎರಡು ಯಂತ್ರಗಳಿಗೂ ಇರುವ ಮೂಲಭೇದ ಬೆಂಕಿ ಎಲ್ಲಿ ಉರಿಯುತ್ತದೆಂಬುದರಲ್ಲಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ದಹನಕ್ರಿಯೆ ಸಿಲಿಂಡರಿನ ಒಳಗೇ ನಡೆಯುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ 1500 ಸಲ ಕಿಡಿ ಹೊತ್ತಿ ಆರಬೇಕು. ಒಂದೊಂದು ದಹನಕ್ಕೂ ದೊರೆಯುವ ಅವಕಾಶ ಸೆಕೆಂಡಿನ ಕೆಲವೇ ಸಾವಿರದಂಶಗಳು. ಈ ಅವಸರದಲ್ಲಿ ಗಾಳಿ ಸಾಲದ ಕಡೆ ಇಂಗಾಲವು ಅರೆಬರೆಯಾಗಿ ಉರಿದು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಸಿಲಿಂಡರಿನ ತಣ್ಣನೆಯ ಗೋಡೆಗೆ ತಾಗಿದ ಜ್ವಾಲೆ ನಂದಿಹೋಗಿ, ಅಲ್ಲಿನ ಹೈಡ್ರೊಕಾರ್ಬನ್ನುಗಳು ಉರಿಯದೆಯೇ ಹೊರಬೀಳುತ್ತವೆ. ಒಳಗಿನ ತಾಪವು ಕ್ಷಣಕಾಲ 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುವುದರಿಂದ, ಸಾಮಾನ್ಯವಾಗಿ ಉದಾಸೀನವಾಗಿರುವ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಕೂಡಿಬಿಡುತ್ತದೆ.

ಉಗಿಮೋಟಾರಿನಲ್ಲಿ ಬೆಂಕಿಯು ಸಿಲಿಂಡರಿನ ಹೊರಗೆ, ಪ್ರತ್ಯೇಕವಾದ ಒಲೆಯಲ್ಲಿ, ಬಹುಮಟ್ಟಿಗೆ ವಾತಾವರಣದ ಒತ್ತಡದಲ್ಲಿಯೇ ಉರಿಯುತ್ತದೆ. ಹದವಾಗಿ ಪಂಪು ಹೊಡೆದ ಸ್ಟವ್ವಿನ ನೀಲಿ ಜ್ವಾಲೆಯನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಗಾಳಿಗೆ ಕೊರತೆಯಿಲ್ಲ, ಉರಿ ನಿರಂತರವಾದುದರಿಂದ ಇಂಧನ ಪೂರ್ಣವಾಗಿ ದಹಿಸಲು ಸಮಯವೂ ಉಂಟು. ಜ್ವಾಲೆಯ ತಾಪವನ್ನು ತಗ್ಗಿಸಿಕೊಳ್ಳಬಹುದಾದುದರಿಂದ ಸಾರಜನಕದ ಆಕ್ಸೈಡುಗಳೂ ಕಡಿಮೆ. ಸಿಲಿಂಡರಿನೊಳಕ್ಕೆ ಹೋಗುವುದು ಬರಿಯ ಉಗಿ. ಎಂಜಿನ್ನು ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತವೂ ಇದಕ್ಕೆ ಬೇಡ. ಭಾರತದಲ್ಲಿ ಆ ಸೀಸ ಪೂರ್ತಿಯಾಗಿ ತೊಲಗಿದ್ದು 2000ದಲ್ಲಿ ಎಂಬುದನ್ನು ನೆನೆದರೆ ಈ ಗುಣ ಅಲ್ಪವಾದುದಲ್ಲ.

1912ರಲ್ಲಿ ವಿದ್ಯುತ್ತಿನಿಂದ ಚಾಲೂ ಮಾಡುವ ಸಾಧನವು ಬಂದ ಮೇಲೆ ಪೆಟ್ರೋಲ್ ಮೋಟಾರು ಗೆದ್ದಿತು. ನೀರು ಕಾಯುವವರೆಗೆ ಕಾದು ನಿಲ್ಲುವ ತಾಳ್ಮೆ ಯಾರಿಗಿದೆ? ಮರೆತುಹೋಗಿದ್ದ ಉಗಿಯನ್ನು ಮತ್ತೆ ನೆನಪಿಗೆ ತಂದದ್ದು ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಮಬ್ಬು. ಮೋಟಾರುಗಳ ಹೈಡ್ರೊಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನು ಹುಟ್ಟುತ್ತದೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. 1968ರಲ್ಲಿ ಅಮೆರಿಕದ ಸೆನೆಟ್ಟು ಉಗಿಮೋಟಾರಿನ ವಿಷಯವಾಗಿಯೇ ವಿಚಾರಣೆ ನಡೆಸಿತು. 1972ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಮೂರು ಉಗಿಬಸ್ಸುಗಳು ಪರೀಕ್ಷಾರ್ಥವಾಗಿ ಬೀದಿಗಿಳಿದವು.

ಹೊಗೆಯ ಪರೀಕ್ಷೆಯಲ್ಲಿ ಬಸ್ಸುಗಳು ಗೆದ್ದವು. ಎಣ್ಣೆಯ ಲೆಕ್ಕದಲ್ಲಿ ಸೋತವು. ಡೀಸೆಲ್ ಬಸ್ಸಿಗಿಂತ ಅವುಗಳಿಗೆ ಬಹಳ ಹೆಚ್ಚು ಇಂಧನ ಬೇಕಾಯಿತು. ಇದರ ಕಾರಣ ನೀರಿನ ಸ್ವಭಾವದಲ್ಲಿಯೇ ಅಡಗಿದೆ. ಕುದಿಯುವ ಒಂದು ಗ್ರಾಂ ನೀರು ಉಗಿಯಾಗಲು ಸುಮಾರು 540 ಕ್ಯಾಲೊರಿ ಶಾಖವನ್ನು ನುಂಗುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಮತ್ತೆ ನೀರಾಗಿಸುವಾಗ ಈ ಗುಪ್ತೋಷ್ಣದ ಬಹುಭಾಗ ಚಕ್ರವನ್ನು ತಿರುಗಿಸದೆ ಗಾಳಿಯ ಪಾಲಾಗುತ್ತದೆ. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಈ ನಷ್ಟವನ್ನು ಸಹಿಸುವವರು ಉಳಿಯಲಿಲ್ಲ.

ಅಷ್ಟರಲ್ಲಿ ಪೆಟ್ರೋಲ್ ಮೋಟಾರಿಗೂ ಒಂದು ಉಪಾಯ ದೊರೆಯಿತು. 1975ರ ಮಾದರಿಯ ಹೆಚ್ಚಿನ ಅಮೆರಿಕನ್ ಕಾರುಗಳ ಹೊಗೆಕೊಳವೆಗೆ ಪ್ಲಾಟಿನಮ್ಮಿನಂಥ ಲೋಹಗಳ ಲೇಪವಿರುವ ವೇಗವರ್ಧಕ ಪೆಟ್ಟಿಗೆಯನ್ನು ಜೋಡಿಸಲಾಯಿತು. ಸಿಲಿಂಡರಿನಲ್ಲಿ ಅರೆಬರೆಯಾಗಿ ಉರಿದದ್ದು ಈ ಪೆಟ್ಟಿಗೆಯಲ್ಲಿ ಪೂರ್ಣವಾಗಿ ದಹಿಸತೊಡಗಿತು. ಮುಂದೆ ಬಂದ ತ್ರಿವಿಧ ವೇಗವರ್ಧಕಗಳು ಸಾರಜನಕದ ಆಕ್ಸೈಡುಗಳನ್ನೂ ಒಡೆದವು. ಹುಟ್ಟುಗುಣವನ್ನು ತಿದ್ದದೆ ಬಾಲವನ್ನು ತೊಳೆದಂತಾಯಿತೆಂದು ಉಗಿಯ ಅಭಿಮಾನಿಗಳು ಹೇಳಬಹುದು. ಆದರೂ ಉಗಿಯ ಮೇಲ್ಮೆ ಇದರಿಂದ ಕಳೆದುಹೋಯಿತು.

ಇಂಗಾಲದ ಡೈಆಕ್ಸೈಡಿಗೆ ಮಾತ್ರ ಇಂಥ ಪೆಟ್ಟಿಗೆಯಿಲ್ಲ. ಅದು ಪೂರ್ಣದಹನದ ಫಲವೇ ಆಗಿದೆ. ಒಂದು ಲೀಟರ್ ಪೆಟ್ರೋಲ್ ಎಷ್ಟೇ ಶುದ್ಧವಾಗಿ ಉರಿದರೂ ಸುಮಾರು 2.3 ಕಿಲೋಗ್ರಾಂ ಡೈಆಕ್ಸೈಡು ಹುಟ್ಟುತ್ತದೆ. ಭೂಮಿಯ ತಾಪವೇರುತ್ತಿರುವ ಇಂದು ಮೋಟಾರಿನ ಹೊಗೆಯನ್ನು ಈ ತಕ್ಕಡಿಯಲ್ಲಿಯೂ ತೂಗಬೇಕಾಗಿದೆ; ಹೆಚ್ಚು ಎಣ್ಣೆಯನ್ನು ಬೇಡುವ ಉಗಿಮೋಟಾರು ಇಲ್ಲಿ ಪೆಟ್ರೋಲ್ ಮೋಟಾರಿಗಿಂತಲೂ ಹಿಂದೆ ಬೀಳುತ್ತದೆ.